ಮುಚ್ಚಳ ತೆಗೆದದ್ದು ಯಾರು? ‘ಡಿಸ್ಕವರ್’ ಬಗ್ಗೆ ಕಾರವಾರದ ಅಕ್ಕೋರಿಗೊಂದು ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ಕಾರವಾರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಸಮಾಜ ಎರಡೂ ಕಲಿಸುತ್ತೇನೆ. ಕಳೆದ ವಾರ ‘1498ರಲ್ಲಿ ವಾಸ್ಕೋ ಡ ಗಾಮ ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿದನು’ ಅಂತ ಪಾಠ ಮಾಡುತ್ತಿದ್ದೆ. ಬಿಣಗಾ ಕಡೆಯ ಒಬ್ಬ ಹುಡುಗ ಎದ್ದು ನಿಂತ. “ಅಕ್ಕೋರೇ, ಅವ ಬರೂಕಿಂತ ಮುಂಚೆನೇ ನಮ್ಮವ್ರು ಇಲ್ಲೇ ಇದ್ರಲ್ಲ. ಸಮುದ್ರನೂ ಇತ್ತು. ಹಂಗಾರೆ ಅವ ಕಂಡುಹಿಡ್ದದ್ದು ಎಂತದು?” ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಮೂರು ಉತ್ತರ ಸಿಕ್ಕಿತು. ಒಬ್ಬರು, ಡಿಸ್ಕವರ್ ಅಂದರೆ ಇದ್ದದ್ದನ್ನು ಕಾಣೋದು, ಇನ್ವೆಂಟ್ ಅಂದರೆ ಇಲ್ಲದ್ದನ್ನು ಮಾಡೋದು ಅಂದರು. ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಬಂದದ್ದು ತೋರಿಸಿದರು: ಸಂಸ್ಕೃತದ ‘ದೃಶ್‌ಗೋಚರ’ವೇ ಬಾಯಿಂದ ಬಾಯಿಗೆ ಹೋಗಿ ‘ಡಿಸ್ಕವರ್’ ಆಯಿತಂತೆ. ಮೂರನೆಯವರು, ‘ಡಿಸ್’ ಅಂದರೆ ‘ಅಲ್ಲ’, ಡಿಸ್‌ಲೈಕ್ ಇದ್ದ ಹಾಗೆ ಅಂದರು. ಇದರಲ್ಲಿ ಯಾವುದು ಸರಿ? ಮಕ್ಕಳಿಗೆ ಕನ್ನಡದಲ್ಲಿ ಯಾವ ಪದ ಹೇಳಲಿ? ಪರೀಕ್ಷೆಯಲ್ಲಿ ಏನು ಬರೆಸಲಿ?

ಉತ್ತರ: ಅಕ್ಕೋರೇ, ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಅವನು ಕೇಳಿದ್ದು ಇತಿಹಾಸದ ಪ್ರಶ್ನೆ ಅಂತ ನಿಮಗೆ ಅನ್ನಿಸಿರಬಹುದು. ಅರ್ಧ ಹೌದು. ಇನ್ನರ್ಧ ಒಂದು ಕ್ರಿಯಾಪದದ ಪ್ರಶ್ನೆ, ಅದು ನನ್ನ ಕಸುಬು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ಈಗ ಶಿರಸಿಯಲ್ಲಿ ತೋಟ ನೋಡಿಕೊಂಡಿದ್ದೇನೆ. ಶಬ್ದದ ಬೆನ್ನು ಹತ್ತುವ ಚಟ ಮಾತ್ರ ಬಿಟ್ಟಿಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾದದ್ದು ಹೀಗೆ. ‘ಕಂಡುಹಿಡಿದನು’ ಅಂದ ಕೂಡಲೇ, ಅವನಿಗಿಂತ ಮುಂಚೆ ಯಾರೂ ಅದನ್ನು ಕಂಡೇ ಇರಲಿಲ್ಲ ಅಂತ ಕೇಳಿಸುತ್ತದೆ. ಸಮುದ್ರದ ಬದಿಯಲ್ಲೇ ಹುಟ್ಟಿದ ಹುಡುಗನಿಗೆ ಅದು ಚುಚ್ಚಿದೆ. ಇಂಗ್ಲಿಷಿನ ‘ಡಿಸ್ಕವರ್’ ಕೂಡ ಅದನ್ನೇ ಹೇಳುತ್ತದಾ, ಅಥವಾ ತರ್ಜುಮೆಯಲ್ಲಿ ಏನೋ ಹೆಚ್ಚುಕಮ್ಮಿ ಆಯಿತಾ ಅನ್ನುವುದು ನಿಮ್ಮ ಗೊಂದಲ. ಅಲ್ವಾ?

ಮೊದಲು ವಾಟ್ಸಾಪ್ ವಿಷಯ ಮುಗಿಸಿಬಿಡೋಣ. ದೃಶ್‌ಗೋಚರಕ್ಕೂ ಡಿಸ್ಕವರ್‌ಗೂ ಸಂಬಂಧ ಇಲ್ಲ. ಎರಡು ಪದ ಕಿವಿಗೆ ಒಂದೇ ಥರ ಕೇಳಿದರೆ ಅವು ನೆಂಟರು ಅಂತ ಆಗುವುದಿಲ್ಲ. ಹಾಗೆ ನೋಡಿದರೆ ನಮ್ಮ ‘ಮನೆ’ಗೂ ಇಂಗ್ಲಿಷಿನ ‘ಮನಿ’ಗೂ ಮದುವೆ ಮಾಡಿಸಬಹುದು. ಪದದ ಜಾತಕ ನೋಡಬೇಕಾದರೆ ಅದು ಯಾವ ಕಾಲದಲ್ಲಿ, ಯಾವ ಊರಲ್ಲಿ, ಯಾವ ರೂಪದಲ್ಲಿ ಬರೆದಿಟ್ಟು ಸಿಗುತ್ತದೆ ಅಂತ ಹಿಂದೆ ಹಿಂದೆ ಹೋಗಬೇಕು. ಡಿಸ್ಕವರ್‌ನ ಆ ದಾರಿ ಸಾಕಷ್ಟು ಸ್ಪಷ್ಟವಾಗಿದೆ. ಇಂಗ್ಲಿಷಿಗೆ ಅದು ಬಂದದ್ದು 1300ರ ಆಸುಪಾಸಿನಲ್ಲಿ, ಹಳೆಯ ಫ್ರೆಂಚಿನ ‘ದೆಸ್ಕೊವ್ರೀರ್’ನಿಂದ. ಅದರ ಹಿಂದೆ ಲ್ಯಾಟಿನ್ನಿನ ‘ಡಿಸ್‌ಕೋಒಪೆರೀರೆ’. ಬಿಡಿಸಿದರೆ ಮೂರು ತುಂಡು. ಕೊನೆಯ ‘ಒಪೆರೀರೆ’ ಅಂದರೆ ಮುಚ್ಚು. ನಡುವಿನ ‘ಕೋ’ ಅಂದರೆ ಪೂರ್ತಿ, ಚೆನ್ನಾಗಿ. ಮುಂದಿನ ‘ಡಿಸ್’ ಅಂದರೆ ಬೇರೆ ಮಾಡು, ಆಚೆ ಸರಿಸು. ಒಟ್ಟಿನಲ್ಲಿ, ಮುಚ್ಚಿದ್ದನ್ನು ಸರಿಸು. ಅಷ್ಟೇ.

ಹಾಗಾಗಿ ನಿಮ್ಮ ಮೂರನೆಯ ಸಹೋದ್ಯೋಗಿ ಹೇಳಿದ್ದು ಕಾಲುಭಾಗ ಸರಿ. ‘ಡಿಸ್’ ಎಲ್ಲ ಕಡೆ ‘ಅಲ್ಲ’ ಅನ್ನುವುದಿಲ್ಲ. ಡಿಸ್ಟ್ರಿಬ್ಯೂಟ್‌ನಲ್ಲೂ ಅದೇ ಡಿಸ್ ಇದೆ, ಅಲ್ಲಿ ಹಂಚುವುದು, ಬೇರೆ ಬೇರೆ ಮಾಡುವುದು. ಡಿಸ್ಕವರ್‌ನಲ್ಲಿ ಮುಚ್ಚಳ ಒಂದು ಕಡೆ, ಪಾತ್ರೆ ಒಂದು ಕಡೆ.

ಇಲ್ಲೇ ಒಂದು ಚೆಂದದ ಸಂಗತಿ ಇದೆ. ವಾಟ್ಸಾಪಿನವರು ನೆಂಟಸ್ತಿಕೆ ಹುಡುಕಿದ್ದು ತಪ್ಪು ಮನೆಯಲ್ಲಿ. ನಿಜವಾದ ನೆಂಟ ಪಕ್ಕದ ಮನೆಯಲ್ಲೇ ಕೂತಿದ್ದಾನೆ. ಆ ‘ಒಪೆರೀರೆ’ಯ ಬೇರು ಮತ್ತು ಸಂಸ್ಕೃತದ ‘ವೃ’ ಅನ್ನುವ ಧಾತು ಒಂದೇ ಮೂಲದವು ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವೃ ಅಂದರೆ ಮುಚ್ಚು, ಸುತ್ತುವರಿ. ಅದರಿಂದ ಆವರಣ. ಆವರಣ ತೆಗೆದರೆ ಅನಾವರಣ. ಊರಲ್ಲಿ ಪುತ್ಥಳಿಯ ಮೇಲಿನ ಬಟ್ಟೆ ಎಳೆಯುವ ಕಾರ್ಯಕ್ರಮಕ್ಕೆ ಅಂಚೆಯಲ್ಲಿ ಬರುತ್ತದಲ್ಲ ಆಮಂತ್ರಣ, ‘ಪುತ್ಥಳಿ ಅನಾವರಣ’ ಅಂತ? ಡಿಸ್ಕವರ್‌ನ ಹುಟ್ಟಿನ ಅರ್ಥ ಪಕ್ಕಾ ಅದೇ. ಲ್ಯಾಟಿನ್ನಿನಲ್ಲಿ ಅದೇ ಬೇರಿನಿಂದ ‘ಅಪೆರೀರೆ’ ಅಂತ ಇನ್ನೊಂದು ಪದ ಇತ್ತು, ತೆರೆ ಅನ್ನುವ ಅರ್ಥದಲ್ಲಿ. ಕ್ಯಾಮೆರಾದವರು ಅಪರ್ಚರ್ ಅನ್ನುತ್ತಾರಲ್ಲ, ಅದು ಅಲ್ಲಿಂದ ಬಂತು.

ಇನ್ನು ‘ಕವರ್’. ಅದರಲ್ಲಿ ‘ಓವರ್’ ಅಡಗಿದೆ ಅಂತ ಮಕ್ಕಳಿಗೆ ಅನ್ನಿಸುತ್ತದೆ, ಮೇಲಿಂದ ಮುಚ್ಚುವುದಲ್ವಾ ಅಂತ. ಇಲ್ಲ, ಅದು ಕಾಕತಾಳೀಯ. ‘ರಿಕವರ್’ ಇನ್ನೂ ದೊಡ್ಡ ಮೋಸ. ಜ್ವರದಿಂದ ಚೇತರಿಸಿಕೊಳ್ಳುವ ರಿಕವರ್‌ಗೂ ಮುಚ್ಚುವ ಕವರ್‌ಗೂ ಸಂಬಂಧವೇ ಇಲ್ಲ. ಅದು ‘ರೆಕುಪೆರಾರೆ’, ಅಂದರೆ ಮರಳಿ ಪಡೆ, ಅನ್ನುವ ಬೇರೆ ಲ್ಯಾಟಿನ್ ಪದದ ಮಗ. ಆದರೆ ‘ಕರ್ಫ್ಯೂ’ ಇದೆಯಲ್ಲ, ಅದು ಮಾತ್ರ ಕವರ್‌ನ ಸ್ವಂತ ತಮ್ಮ. ಹಳೆಯ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’ ಅಂತ ಅರ್ಥ. ಸಂಜೆ ಗಂಟೆ ಬಾರಿಸಿದರೆ ಎಲ್ಲರೂ ಒಲೆಯ ಬೆಂಕಿ ಮುಚ್ಚಿ ಮಲಗಬೇಕು. ಇಲ್ಲದಿದ್ದರೆ ರಾತ್ರಿ ಮರದ ಮನೆಗಳಿಗೆ ಬೆಂಕಿ ಹತ್ತುವ ಭಯ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಆಯಿಯ ಬಚ್ಚಲೊಲೆ. ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ ಕೆಂಡವನ್ನು ಒಟ್ಟುಮಾಡಿ, ಮೇಲೆ ದಪ್ಪಗೆ ಬೂದಿ ಎಳೆಯುತ್ತಿದ್ದಳು. ನೋಡಿದರೆ ಬರೀ ಬೂದಿಗುಡ್ಡೆ. ಬೆಕ್ಕು ಬಂದು ಅದರ ಪಕ್ಕ ಮಲಗುತ್ತಿತ್ತು. ಬೆಳಗಿನ ಜಾವ ಒಂದು ಕಟ್ಟಿಗೆ ಚೂರಿನಿಂದ ಬೂದಿ ಸರಿಸಿದರೆ ಕೆಳಗೆ ಕೆಂಪಗೆ ಕೆಂಡ. ಒಣಗಿದ ಅಡಿಕೆ ಸಿಪ್ಪೆ ಇಟ್ಟು ಊದಿದರೆ ಬೆಂಕಿ ರೆಡಿ. ಬೆಂಕಿಕಡ್ಡಿಯೂ ಉಳಿಯಿತು. ಆಯಿ ಬೆಳಗ್ಗೆ ಮಾಡುತ್ತಿದ್ದದ್ದು ಡಿಸ್ಕವರ್. ಕೆಂಡವನ್ನು ಅವಳು ಹುಟ್ಟಿಸಲಿಲ್ಲ. ಅದು ಅಲ್ಲೇ ಇತ್ತು. ಅಲ್ಲಿದೆ ಅಂತ ಅವಳಿಗೆ ಗೊತ್ತೂ ಇತ್ತು. ಬೆಕ್ಕಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಈ ‘ಗೊತ್ತೂ ಇತ್ತು’ ಅನ್ನುವುದನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಯಾಕೆಂದರೆ ಇಂಗ್ಲಿಷಿನಲ್ಲಿ ಡಿಸ್ಕವರ್‌ಗೆ ಸುಮಾರು 250 ವರ್ಷ ‘ಹೊಸದಾಗಿ ತಿಳಿ’ ಅನ್ನುವ ಅರ್ಥ ಮುಖ್ಯವಾಗಿ ಇರಲೇ ಇಲ್ಲ. ಗೊತ್ತಿದ್ದವನು ಗೊತ್ತಿಲ್ಲದವನಿಗೆ ತೋರಿಸುವುದು, ಬಯಲು ಮಾಡುವುದು, ಗುಟ್ಟು ರಟ್ಟು ಮಾಡುವುದು, ಇವೇ ಅದರ ಅರ್ಥ. ಯಾರನ್ನಾದರೂ ‘ಡಿಸ್ಕವರ್’ ಮಾಡಿದರು ಅಂದರೆ ಅವನನ್ನು ಹಿಡಿದುಕೊಟ್ಟರು ಅಂತಲೂ ಆಗುತ್ತಿತ್ತು.

ಶೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಪೋರ್ಷಿಯಾಳನ್ನು ಮದುವೆಯಾಗಲು ಬಂದ ರಾಜಕುಮಾರನ ಮುಂದೆ ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆ ಇಡುತ್ತಾರೆ. ಅವಳು ಆಳಿಗೆ, ಪರದೆ ಸರಿಸಿ ಪೆಟ್ಟಿಗೆಗಳನ್ನು ರಾಜಕುಮಾರನಿಗೆ ‘ಡಿಸ್ಕವರ್’ ಮಾಡು ಅನ್ನುತ್ತಾಳೆ. ಇವತ್ತಿನ ಇಂಗ್ಲಿಷ್ ಕಲಿತವನು ಇದನ್ನು ಓದಿದರೆ ತಲೆ ಕೆರೆದುಕೊಳ್ಳುತ್ತಾನೆ. ಪೆಟ್ಟಿಗೆ ಇಟ್ಟವರೇ ಅವರು, ಅದನ್ನು ಕಂಡುಹಿಡಿಯೋದು ಎಂತಕ್ಕೆ? ‘ಟೆಂಪೆಸ್ಟ್’ ನಾಟಕದ ಕೊನೆಯಲ್ಲೂ ರಂಗಸೂಚನೆ ಹಾಗೇ ಇದೆ: ಪ್ರಾಸ್ಪೆರೋ ಇಲ್ಲಿ ಚದುರಂಗ ಆಡುತ್ತಿರುವ ಫರ್ಡಿನಂಡ್ ಮತ್ತು ಮಿರಾಂಡರನ್ನು ‘ಡಿಸ್ಕವರ್’ ಮಾಡುತ್ತಾನೆ. ಪರದೆ ಸರಿಸಿ ತೋರಿಸುತ್ತಾನೆ ಅಂತ ಅರ್ಥ.

ಉತ್ತರ ಕನ್ನಡದ ಮಕ್ಕಳಿಗೆ ಇದನ್ನು ವಿವರಿಸಲು ನಿಮಗೆ ಶೇಕ್ಸ್‌ಪಿಯರ್ ಬೇಕಾಗಿಲ್ಲ. ಯಕ್ಷಗಾನ ಸಾಕು. ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದೆ ವೇಷ ಕುಣಿಯುತ್ತಿದೆ. ಮೊದಲು ಗೆಜ್ಜೆ ಸದ್ದು. ಆಮೇಲೆ ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಅಲ್ಲಾಡುತ್ತದೆ. ಮುಂದೆ ಕೂತ ಮಕ್ಕಳು ಕತ್ತು ಉದ್ದ ಮಾಡುತ್ತಾರೆ. ಭಾಗವತರಿಗೆ, ಮದ್ದಳೆಯವರಿಗೆ, ತೆರೆ ಹಿಡಿದವರಿಗೆ ಎಲ್ಲರಿಗೂ ಗೊತ್ತು ಅಲ್ಲಿ ಯಾರಿದ್ದಾರೆ ಅಂತ. ಗೊತ್ತಿಲ್ಲದ್ದು ನಮಗೆ ಮಾತ್ರ. ತೆರೆ ತೆಗೆದಾಗ ಡಿಸ್ಕವರ್ ಆಯಿತು. ಕನ್ನಡದಲ್ಲಿ ‘ತೆರೆ’ ಅಂದರೆ ಪರದೆಯೂ ಹೌದು, ಬಾಗಿಲು ತೆರೆಯುವುದೂ ಹೌದು. ಸಮುದ್ರದ ತೆರೆ ಬೇರೆ ಇದೆ. ಮುಚ್ಚುವುದಕ್ಕೂ ತೆಗೆಯುವುದಕ್ಕೂ ಒಂದೇ ಸದ್ದು ಇಟ್ಟುಕೊಂಡ ಭಾಷೆ ನಮ್ಮದು. ಕ್ಲಾಸಿನಲ್ಲಿ ಇದನ್ನು ಹೇಳಿ ನೋಡಿ, ಮಕ್ಕಳಿಗೆ ಖುಷಿಯಾಗುತ್ತದೆ.

1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್‌ನ 29ನೇ ಕೀರ್ತನೆಯಲ್ಲಿ ದೇವರ ಧ್ವನಿ ಕಾಡುಗಳನ್ನು ‘ಡಿಸ್ಕವರ್’ ಮಾಡುತ್ತದೆ ಅಂತಿದೆ. ಅಮೆಜಾನ್ ಕಾಡನ್ನು ಹುಡುಕಿದ ಥರ ಅಲ್ಲ. ಎಲೆಯೆಲ್ಲ ಉದುರಿಸಿ ಬೋಳು ಮಾಡುತ್ತದೆ ಅಂತ.

ಆ ಹಳೇ ಅರ್ಥ ಪೂರ್ತಿ ಸತ್ತಿಲ್ಲ. ಕೋರ್ಟಿನಲ್ಲಿ ಬದುಕಿದೆ. ನಮ್ಮ 1908ರ ಸಿವಿಲ್ ಪ್ರೊಸೀಜರ್ ಕೋಡಿನ 11ನೇ ಆರ್ಡರ್‌ನ ಹೆಸರೇ ‘ಡಿಸ್ಕವರಿ ಆ್ಯಂಡ್ ಇನ್‌ಸ್ಪೆಕ್ಷನ್’. ಅಂದರೆ ನಿನ್ನ ಹತ್ತಿರ ಏನೇನು ಕಾಗದ ಇದೆ, ಎದುರಿನವನಿಗೆ ಪ್ರಮಾಣ ಮಾಡಿ ತಿಳಿಸು ಅನ್ನುವ ಏರ್ಪಾಡು. ಒಮ್ಮೆ ವಕೀಲ ಮಿತ್ರರೊಬ್ಬರಿಗೆ ನಾನು ‘ದಾಖಲೆಗಳ ಪತ್ತೆ’ ಅಂತ ತರ್ಜುಮೆ ಮಾಡಿಕೊಟ್ಟಿದ್ದೆ. “ಮಾಸ್ತರೇ, ಕಾಗದ ಕಳೆದಿಲ್ಲ ಮಾರಾಯ್ರೆ, ಅವನ ಕಪಾಟಿನಲ್ಲೇ ಇದೆ, ತೋರಿಸ್ತಾ ಇಲ್ಲ ಅಷ್ಟೇ” ಅಂತ ನಕ್ಕರು. ಅವತ್ತು ನನಗೆ ಈ ಪದದ ಬಗ್ಗೆ ಸರಿಯಾಗಿ ಪಾಠ ಆಯಿತು.

ಹಾಗಾದರೆ ಇವತ್ತಿನ ಅರ್ಥ ಎಲ್ಲಿಂದ ಬಂತು? ‘ಮೊದಲು ತಿಳಿಯದ್ದನ್ನು ಮೊದಲ ಬಾರಿ ತಿಳಿ, ಕಾಣು’ ಅನ್ನುವ ಬಳಕೆ ಇಂಗ್ಲಿಷಿನಲ್ಲಿ 1550ರ ದಶಕದಿಂದ ಕಾಣಿಸುತ್ತದೆ. ಯುರೋಪಿನ ಹಡಗುಗಳು ದಿಕ್ಕುದಿಕ್ಕಿಗೆ ಹೊರಟ ಕಾಲ ಅದು. ಪೋರ್ಚುಗೀಸರ ಬಾಯಲ್ಲೂ ಇದೇ ಪದ ‘ದೆಸ್ಕೊಬ್ರಿರ್’. ಕವರ್ ತೆಗೆಯುವವನು ಈಗ ಬೇರೆಯವರಿಗೆ ತೋರಿಸುವವನಲ್ಲ, ತಾನೇ ನೋಡುವವನು. ಪದ ಅದೇ, ನಿಂತ ಜಾಗ ಬದಲಾಯಿತು. ಯಕ್ಷಗಾನದಲ್ಲಿ ಹೇಳುವುದಾದರೆ, ಕ್ರಿಯಾಪದ ತೆರೆ ಹಿಡಿದವನನ್ನು ಬಿಟ್ಟು ಪ್ರೇಕ್ಷಕನ ಕಡೆ ಹೋಗಿ ಕೂತಿತು.

ಆದರೆ ತೋರಿಸುವ ಗುಣ ಪೂರ್ತಿ ಹೋಗಲಿಲ್ಲ. ಆಮ್ಲಜನಕದ ಕತೆ ನೋಡಿ. ಸ್ವೀಡನ್ನಿನ ಶೀಲೆ ಆ ಗಾಳಿಯನ್ನು ಪ್ರೀಸ್ಟ್ಲಿಗಿಂತ ಮುಂಚೆಯೇ ತಯಾರಿಸಿದ್ದ. ಅವನ ಪುಸ್ತಕ ಅಚ್ಚಾಗಿ ಹೊರಬಂದದ್ದು 1777ರಲ್ಲಿ. ಇಂಗ್ಲೆಂಡಿನ ಪ್ರೀಸ್ಟ್ಲಿ 1774ರಲ್ಲಿ ತಯಾರಿಸಿ, ಮರುವರ್ಷವೇ ಪ್ರಕಟಿಸಿಬಿಟ್ಟ. ಅದಕ್ಕೆ ಅರ್ಥ ಹಚ್ಚಿ ಹೆಸರಿಟ್ಟದ್ದು ಫ್ರಾನ್ಸಿನ ಲವಾಸಿಯೆ. ಡಿಸ್ಕವರ್ ಮಾಡಿದ್ದು ಯಾರು ಅಂತ ಇವತ್ತಿಗೂ ಮೂರು ಹೆಸರು ಹೇಳುತ್ತಾರೆ. ಕಂಡವನು ಸುಮ್ನೆ ಕೂತರೆ ಮುಚ್ಚಳ ತೆಗೆದ ಹಾಗೆ ಲೆಕ್ಕವೇ ಇಲ್ಲ.

ಈಗ ನಿಮ್ಮ ಮೊದಲ ಸಹೋದ್ಯೋಗಿಯ ಸೂತ್ರ: ಇದ್ದದ್ದು ಡಿಸ್ಕವರ್, ಇಲ್ಲದ್ದು ಇನ್ವೆಂಟ್. ಇವತ್ತಿನ ಬಳಕೆಗೆ ಇದು ಸರಿ, ಮಕ್ಕಳಿಗೆ ಹೇಳಿಕೊಡಿ. ಮೂಲದಿಂದಲೂ ಹೀಗೇ ಇತ್ತು ಅಂತ ಮಾತ್ರ ಹೇಳಬೇಡಿ. ನಾನು ಹಾಗೆ ಹೇಳಿ ಸಿಕ್ಕಿಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಬೋರ್ಡಿನ ಮೇಲೆ ಗೆರೆ ಎಳೆದು, ಎಡಗಡೆ ಡಿಸ್ಕವರ್, ಬಲಗಡೆ ಇನ್ವೆಂಟ್ ಅಂತ ಗತ್ತಿನಿಂದ ಬರೆದೆ. ಮರುದಿನ ಹೊನ್ನಾವರ ಕಡೆಯ ಒಬ್ಬ ಕ್ರಿಶ್ಚಿಯನ್ ಹುಡುಗಿ ಅವಳ ಅಜ್ಜಿಯ ಹಳೇ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಅದರಲ್ಲಿ ಮೇ 3ರ ಹಬ್ಬಕ್ಕೆ ‘ಇನ್ವೆನ್ಷನ್ ಆಫ್ ದಿ ಹೋಲಿ ಕ್ರಾಸ್’ ಅಂತ ಹೆಸರಿತ್ತು. “ಸರ್, ಶಿಲುಬೆಯನ್ನು ಹೊಸದಾಗಿ ತಯಾರು ಮಾಡಿದ್ರಾ?” ಅಂದಳು. ನನ್ನ ಗತ್ತು ಅಲ್ಲಿಗೆ ಇಳಿಯಿತು. ಇನ್ವೆಂಟ್‌ನ ಮೂಲ ಲ್ಯಾಟಿನ್ನಿನ ‘ಇನ್ವೆನೀರೆ’: ಹೋಗುತ್ತಾ ಎದುರಾಗು, ಸಿಗು ಅಂತ. ಕಳೆದುಹೋಗಿದ್ದ ಶಿಲುಬೆ ಹೆಲೆನಾ ರಾಣಿಗೆ ಸಿಕ್ಕಿತು ಅನ್ನುವ ನಂಬಿಕೆಯ ಹಬ್ಬ ಅದು. ಇನ್ವೆಂಟರಿ ಅಂತಾರಲ್ಲ, ಅಂಗಡಿಯಲ್ಲಿ ಏನೇನು ದಾಸ್ತಾನು ಸಿಕ್ಕಿತು ಅನ್ನುವ ಪಟ್ಟಿ, ಅದೂ ಇದೇ ಸಿಗುವ ಅರ್ಥದ್ದು.

‘ಫೈಂಡ್’ ಬಗ್ಗೆ ನೀವು ಕೇಳಲಿಲ್ಲ, ಆದರೂ ಎರಡು ಮಾತು. ಅದು ಇಂಗ್ಲಿಷಿನ ಸ್ವಂತ ಮನೆಮಾತು, ಫ್ರೆಂಚಿನಿಂದ ತಂದದ್ದಲ್ಲ. ಅದರ ಬೇರನ್ನು ಸಂಸ್ಕೃತದ ಪಥ, ಪಂಥಗಳ ಬೇರಿನ ಜೊತೆ ಸೇರಿಸುತ್ತಾರೆ. ಸಂಸ್ಕೃತದ ‘ಪ’ ಇರುವಲ್ಲಿ ಇಂಗ್ಲಿಷಿನಲ್ಲಿ ‘ಫ’ ಬರುವುದು ನಿಮಗೆ ಗೊತ್ತೇ ಇದೆ: ಪಿತೃ ಮತ್ತು ಫಾದರ್, ಪಾದ ಮತ್ತು ಫುಟ್, ಪಂಚ ಮತ್ತು ಫೈವ್. ನಡೆಯುತ್ತಾ ಹೋದವನಿಗೆ ದಾರಿಯಲ್ಲಿ ಕಾಲಿಗೆ ತಗುಲಿದ್ದು ಫೈಂಡ್. ಇನ್ನು ‘ಡಿಟೆಕ್ಟ್’ನಲ್ಲಿ ಡಿಸ್ಕವರ್ ಥರವೇ ಮುಚ್ಚಿದ್ದನ್ನು ತೆಗೆಯುವ ಅರ್ಥ. ಅದರ ‘ಟೆಗೆರೆ’ ಅನ್ನುವ ಮುಚ್ಚುವ ಪದದಿಂದಲೇ ‘ಟೈಲ್’, ಅಂದರೆ ಹಂಚು ಬಂತು. ಹಾಗಾಗಿ ಡಿಟೆಕ್ಟಿವ್ ಅಂದರೆ ಹಂಚು ತೆಗೆದು ಒಳಗೆ ಇಣುಕುವವನು ಅಂತ ನಾನು ತಮಾಷೆ ಮಾಡುವುದುಂಟು. ನಮ್ಮ ಕಡೆ ಆ ಕೆಲಸ ಕಳ್ಳರದು.

ಸರಿ, ಕನ್ನಡಕ್ಕೆ ಬರೋಣ. ನಿಮ್ಮ ನಿಜವಾದ ಸಮಸ್ಯೆ ಇಲ್ಲಿದೆ.

‘ಕಂಡುಹಿಡಿ’ ಅನ್ನುವ ಪದವನ್ನು ಒಮ್ಮೆ ಒಡೆದು ನೋಡಿ. ಕಂಡು, ಹಿಡಿ. ಮೊದಲು ಕಣ್ಣು, ಆಮೇಲೆ ಕೈ. ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಹಳಬರಿದ್ದರೆ ರಂಪಣಿ ಬಲೆಯ ಕತೆ ಕೇಳಿಸಿ. ನೀರಿನ ಬಣ್ಣ ಬದಲಾದದ್ದು, ಮೇಲೆ ಹಕ್ಕಿ ಮುಗಿಬಿದ್ದದ್ದು ನೋಡಿ ಬಂಗಡೆಯ ಹಿಂಡು ಬಂತು ಅಂತ ಗೊತ್ತು ಮಾಡುತ್ತಿದ್ದರು. ಆಮೇಲೆ ದೋಣಿ ಬಲೆ ಬಿಡುತ್ತಾ ಅರ್ಧ ಸುತ್ತು ಹಾಕಿ ಬರುತ್ತಿತ್ತು. ದಡದಲ್ಲಿ ಊರಿಗೆ ಊರೇ ಸೇರಿ ಎರಡೂ ತುದಿ ಎಳೆಯುವುದು. ಅದು ಅಕ್ಷರಶಃ ಕಂಡು ಹಿಡಿಯುವುದು. ಬರೀ ಕಂಡರೆ ಸಾಲದು, ಬಲೆಗೆ ಬೀಳಬೇಕು. ಡಿಸ್ಕವರ್‌ನಲ್ಲಿ ಈ ಹಿಡಿಯುವ ಭಾವ ಇಲ್ಲ. ಬೂದಿ ಸರಿಸುವುದು ಬೇರೆ, ಮೀನು ಹಿಡಿಯುವುದು ಬೇರೆ. ನಮ್ಮ ಪದದಲ್ಲಿ ಸ್ವಲ್ಪ ಯಜಮಾನಿಕೆ ಇದೆ. ಹಿಡಿದದ್ದು ಹಿಡಿದವನದ್ದಾಗುತ್ತದೆ. ನಿಮ್ಮ ಹುಡುಗನಿಗೆ ಕಿರಿಕಿರಿ ಆದದ್ದು ಇದೇ ಇರಬೇಕು ಅಂತ ನನ್ನ ಅಂದಾಜು.

ಇನ್ನೊಂದು ತೊಂದರೆ, ಅಮೆರಿಕಾಕ್ಕೂ ‘ಕಂಡುಹಿಡಿದ’, ಟೆಲಿಫೋನಿಗೂ ‘ಕಂಡುಹಿಡಿದ’. ಇಂಗ್ಲಿಷಿನಲ್ಲಿ ಎರಡು ಪದ, ನಮ್ಮಲ್ಲಿ ಒಂದೇ. ಅದಕ್ಕೇ ಮಕ್ಕಳು ‘ಬೆಲ್ ಡಿಸ್ಕವರ್ಡ್ ಟೆಲಿಫೋನ್’ ಅಂತ ಬರೆಯುತ್ತಾರೆ. ಅದು ದಡ್ಡತನ ಅಲ್ಲ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದದ್ದು. ‘ಐ ಸರ್ಚ್ಡ್ ಮೈ ಪೆನ್’ ಕೂಡ ಹಾಗೇ. ‘ಪೆನ್ ಹುಡುಕಿದೆ’ ಅಂತ ಹೇಳಹೊರಟು, ಪೆನ್ನಿನ ಒಳಗೆ ಏನೋ ಹುಡುಕಿದೆ ಅಂತ ಹೇಳಿರುತ್ತಾರೆ. ಪೆನ್ನು ಸಿಕ್ಕಿದರೆ ‘ಫೌಂಡ್’ ಅನ್ನಲಿ. ಬೆಂಚಿನ ಕೆಳಗೆ ಸಿಕ್ಕಿದ ಪೆನ್ನಿಗೆ ಡಿಸ್ಕವರ್ ಹಾಕಿದರೆ ಕೊಲಂಬಸ್ ಪೋಸು ಕೊಟ್ಟ ಹಾಗೆ ಕೇಳಿಸುತ್ತದೆ.

ಹಾಗಾದರೆ ಬೇರೆ ಪದ ಯಾವುದು? ಪುಸ್ತಕದವರು ‘ಆವಿಷ್ಕಾರ’ ಬಳಸುತ್ತಾರೆ. ಆವಿಸ್ ಅಂದರೆ ಕಣ್ಣಿಗೆ ಕಾಣುವಂತೆ, ಬಯಲಾಗಿ. ಕಣ್ಣಿಗೆ ಕಾಣುವಂತೆ ಮಾಡುವುದು ಆವಿಷ್ಕಾರ. ಮೂಲದಲ್ಲಿ ಇದು ಹಳೇ ಡಿಸ್ಕವರ್‌ನ ತದ್ರೂಪು. ಆದರೆ ಕನ್ನಡದಲ್ಲಿ ಈಗ ಹೊಸ ಯಂತ್ರ, ಹೊಸ ಉಪಕರಣ ಮಾಡುವುದಕ್ಕೇ ಜಾಸ್ತಿ ಬಳಸುತ್ತೇವೆ. ಗಾಮನಿಗೆ ಹಾಕಿದರೆ ಸಮುದ್ರವನ್ನೇ ಅವನು ತಯಾರಿಸಿದ ಅಂತಾದೀತು. ‘ಅನ್ವೇಷಣೆ’ ಅಂದರೆ ಹಿಂದೆ ಹಿಂದೆ ಹೋಗಿ ಅರಸುವುದು. ಹುಡುಕಾಟ ಇದೆ, ಸಿಕ್ಕಿತಾ ಇಲ್ಲವಾ ಗೊತ್ತಿಲ್ಲ. ‘ಗವೇಷಣೆ’ ಅಂತ ಒಂದಿದೆ, ಅದು ಹುಟ್ಟಿದ್ದು ದನ ಹುಡುಕುವುದರಿಂದ. ಸಂಜೆ ಬೆಟ್ಟಕ್ಕೆ ಹೋಗಿ, ಕೊರಳ ಗಂಟೆ ಎಲ್ಲಿ ಕೇಳುತ್ತದೆ ಅಂತ ಕಿವಿಗೊಟ್ಟು ನಿಂತವರಿಗೆ ಈ ಪದ ಅರ್ಥವಾಗುತ್ತದೆ. ಪಾಠಕ್ಕೆ ಬೇಡ. ‘ಶೋಧ’ದ ಮೂಲ ಅರ್ಥ ಶುದ್ಧ ಮಾಡುವುದು. ಆಯುರ್ವೇದದಲ್ಲಿ ಶೋಧನ ಅಂದರೆ ಈಗಲೂ ಅದೇ. ನಿಮ್ಮ ಕಡೆಯ ಕೊಂಕಣಿ ಮಕ್ಕಳಿಗೆ ‘ಸೊದ್ತಾ’ ಅಂದರೆ ಹುಡುಕುತ್ತಿದ್ದಾನೆ ಅಂತ ಗೊತ್ತು, ಆ ಎಳೆ ಹಿಡಿದು ಹೇಳಬಹುದು. ಆದರೆ ಇಲ್ಲೂ ಜೋರು ಹುಡುಕುವುದಕ್ಕೇ. ‘ಪತ್ತೆ ಹಚ್ಚಿದ’ ಅಂದರೆ ಸರಳ, ಎಲ್ಲರಿಗೂ ಅರ್ಥವಾಗುತ್ತದೆ. ಸಮಸ್ಯೆ ಅಂದರೆ ಅದರಲ್ಲಿ ಪೊಲೀಸ್ ಠಾಣೆಯ ವಾಸನೆ ಇದೆ. ಗಾಮ ಕಳುವಾದ ಮಾಲು ಹುಡುಕಲು ಬಂದವನಲ್ಲ.

ನನ್ನ ಮತ ‘ಕಂಡುಕೊಂಡ’ ಅನ್ನುವ ಪದಕ್ಕೆ. ಹಿಡಿ ತೆಗೆದು ಕೊಳ್ಳು ಹಾಕಿ ನೋಡಿ. ಕನ್ನಡದ ‘ಕೊಳ್ಳು’ ಬಹಳ ಜಾಣ ಪದ. ಮಾಡಿದ ಕೆಲಸ ಯಾರಿಗಾಗಿ ಅಂತ ಅದು ಹೇಳಿಬಿಡುತ್ತದೆ. ‘ಅನ್ನ ಬಡಿಸಿದ’ ಅಂದರೆ ಬೇರೆಯವರಿಗೆ, ‘ಅನ್ನ ಬಡಿಸಿಕೊಂಡ’ ಅಂದರೆ ತನಗೆ. ‘ಪೋರ್ಚುಗೀಸರು ಭಾರತಕ್ಕೆ ಬರುವ ಸಮುದ್ರದಾರಿ ಕಂಡುಕೊಂಡರು.’ ದಾರಿ ಮುಚ್ಚಿದ್ದು ಅವರಿಗೆ, ತೆರೆದದ್ದೂ ಅವರಿಗೆ. ಇಲ್ಲಿದ್ದವರ ಬಗ್ಗೆ ವಾಕ್ಯ ಏನೂ ಅನ್ನುವುದಿಲ್ಲ. ಈ ಸೂಕ್ಷ್ಮ ಇಂಗ್ಲಿಷಿನ ಡಿಸ್ಕವರ್‌ನಲ್ಲಿ ಇಲ್ಲ. ಯಾರ ಕಣ್ಣಿಗೆ ಮುಚ್ಚಿತ್ತು ಅನ್ನುವುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟು ಮಟ್ಟಿಗೆ ಅದು ಅರ್ಧ ಮುಚ್ಚಿದ ಪದವೇ.

ಇದರಲ್ಲೂ ಅಪಾಯ ಇಲ್ಲದಿಲ್ಲ. ‘ಕಂಡುಕೊಂಡ’ ಅಂದರೆ ಸ್ವಲ್ಪ ಸಣ್ಣ ಕೆಲಸ ಅನ್ನಿಸಬಹುದು. 1497ರ ಜುಲೈನಲ್ಲಿ ಲಿಸ್ಬನ್ ಬಿಟ್ಟು, ಆಫ್ರಿಕಾದ ತುದಿ ಸುತ್ತಿ, ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದ್ದು ಸಣ್ಣ ಕೆಲಸ ಅಲ್ಲ. ಯುರೋಪಿನಿಂದ ಹಡಗು ಹೀಗೆ ಸುತ್ತಿಕೊಂಡು ಬಂದದ್ದು ಅದೇ ಮೊದಲು. ಅದನ್ನು ಮಕ್ಕಳಿಗೆ ಹೇಳಲೇಬೇಕು. ಜೊತೆಗೆ ಇನ್ನೊಂದನ್ನೂ ಹೇಳಿ. ಆಫ್ರಿಕಾದ ಪೂರ್ವ ಕರಾವಳಿಯ ಮಾಲಿಂದಿಯಿಂದ ಈ ಕಡೆಗೆ ಅವನಿಗೆ ದಾರಿ ತೋರಿಸಿದ್ದು ಅಲ್ಲಿ ಸಿಕ್ಕ ಒಬ್ಬ ನಾವಿಕ, ಈ ಸಮುದ್ರ ಚೆನ್ನಾಗಿ ಬಲ್ಲವನು. ಅರಬ್ಬಿ ಸಮುದ್ರದ ಆ ತುಂಡು ದಾಟಲು ಒಂದು ತಿಂಗಳೂ ಬೇಕಾಗಲಿಲ್ಲ. ಅಂದರೆ ಆ ತುಂಡಿನ ಮಟ್ಟಿಗೆ, ಪೋರ್ಷಿಯಾ ಹೇಳಿದ ಹಳೇ ಅರ್ಥದಲ್ಲಿ ಡಿಸ್ಕವರ್ ಮಾಡಿದವನು ಆ ನಾವಿಕ. ತೆರೆ ಸರಿಸಿ ತೋರಿಸಿದ್ದು ಅವನೇ.

ಮರಳಿ ಹೋಗುವಾಗಿನ ಕತೆ ನಿಮ್ಮ ಹುಡುಗನ ಮನೆ ಮುಂದೆಯೇ ನಡೆದದ್ದು. ಕಲ್ಲಿಕೋಟೆ ಬಿಟ್ಟ ಗಾಮನ ಹಡಗುಗಳು 1498ರ ಸೆಪ್ಟೆಂಬರ್‌ನಲ್ಲಿ ಬಂದು ನಿಂತದ್ದು ಅಂಜದೀವ್ ದ್ವೀಪದಲ್ಲಿ. ಬಿಣಗಾದ ಎದುರು ಕಾಣುತ್ತದಲ್ಲ, ಅದೇ. ಅಲ್ಲಿ ಹಡಗಿನ ತಳ ಕೆರೆದು ಸ್ವಚ್ಛ ಮಾಡಿಕೊಂಡರು, ನೀರು ತುಂಬಿಕೊಂಡರು. ಅಕ್ಟೋಬರ್ ಮೊದಲ ವಾರ ಹೊರಟರು. ಈ ಕಡೆಯಿಂದ ಆಫ್ರಿಕಾಕ್ಕೆ ಒಯ್ಯುವ ಈಶಾನ್ಯದ ಗಾಳಿ ಆಗಿನ್ನೂ ಸರಿಯಾಗಿ ಹಿಡಿದಿರಲಿಲ್ಲ. ಬರುವಾಗ ಒಂದು ತಿಂಗಳೊಳಗೆ ದಾಟಿದ ಸಮುದ್ರವನ್ನು ಮರಳಿ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಬಾತು, ಎಷ್ಟೋ ಜನ ನಾವಿಕರು ದಾರಿಯಲ್ಲೇ ಸತ್ತರು. ಯಾವ ತಿಂಗಳಲ್ಲಿ ಗಾಳಿ ಯಾವ ಕಡೆ ಬೀಸುತ್ತದೆ ಅನ್ನುವುದು ಈ ಸಮುದ್ರದಲ್ಲಿ ವ್ಯಾಪಾರ ಮಾಡುತ್ತಿದ್ದ ಅರಬರಿಗೆ, ಗುಜರಾತಿಗಳಿಗೆ ಮೊದಲಿಂದಲೂ ಗೊತ್ತಿದ್ದ ಲೆಕ್ಕ.

ಪರೀಕ್ಷೆ ವಿಷಯಕ್ಕೆ ಬಂದರೆ, ಸಾಹಸ ಬೇಡ. ಪಠ್ಯದಲ್ಲಿ ‘ಕಂಡುಹಿಡಿದನು’ ಅಂತಿದ್ದರೆ ಮಕ್ಕಳು ಅದನ್ನೇ ಬರೆಯಲಿ. ಮೌಲ್ಯಮಾಪನ ಮಾಡುವವರು ಕೀ ಉತ್ತರ ನೋಡಿ ಅಂಕ ಹಾಕುತ್ತಾರೆ, ನನ್ನ ಉತ್ತರ ನೋಡಿ ಅಲ್ಲ. ಒಂದನ್ನು ಮಾತ್ರ ಗಟ್ಟಿಮಾಡಿಸಿ: ‘ಭಾರತವನ್ನು ಕಂಡುಹಿಡಿದನು’ ಅಲ್ಲ, ‘ಭಾರತಕ್ಕೆ ಸಮುದ್ರಮಾರ್ಗ’. ಈ ಎರಡು ಪದ ಬಿಟ್ಟುಹೋದರೆ ಉತ್ತರವೂ ತಪ್ಪು, ಅರ್ಥವೂ ತಪ್ಪು. ಇಂಗ್ಲಿಷ್ ಪೀರಿಯಡ್‌ನಲ್ಲಿ ನಿಮಗೆ ಇನ್ನೂ ಸ್ವಲ್ಪ ಸಲುಗೆ ಇದೆ. ಡಿಸ್ಕವರ್ ಬಂದಾಗಲೆಲ್ಲ ‘ಟು ಹೂಮ್?’ ಅಂತ ಒಂದು ಪ್ರಶ್ನೆ ಕೇಳಿಸಿ. ಯಾರಿಗೆ ಮುಚ್ಚಿತ್ತು? ಒಂದೆರಡು ವಾರದಲ್ಲಿ ಮಕ್ಕಳೇ ಕೇಳಲು ಶುರುಮಾಡುತ್ತಾರೆ.

ಮತ್ತೆ ಆ ಹುಡುಗನ ಹತ್ತಿರ ಒಂದು ಕೆಲಸ ಹೇಳಿ. ಮೀನಿನ ಹಿಂಡನ್ನು ದೂರದಿಂದ ನೋಡಿ ಗೊತ್ತು ಮಾಡುವುದಕ್ಕೆ ಅವರ ಮನೆಯ ಅಜ್ಜ ಯಾವ ಶಬ್ದ ಬಳಸುತ್ತಾರೆ ಅಂತ ಕೇಳಿಕೊಂಡು ಬರಲಿ. ಕೊಂಕಣಿಯಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ. ಸಿಕ್ಕಿದರೆ ನನಗೂ ಬರೆದು ತಿಳಿಸಿ.